ಕೆರಿ ಕಸಕ್ಕ ಕೈಯೋ, ಹಿಟಾಚಿಯೋ, ಎಣ್ಣಿಯೋ, ಹುಳಾನೋ?

ಹೋದ ವರ್ಷ ಹೋಳಿ ಹುಣ್ಣಿಮಿ ಮುಗದ ಮ್ಯಾಲೆ ನಮ್ಮೂರ ಕೆರಿಗೆ ಹಿಟಾಚಿ ಬಂದಿತ್ತು. ಎರಡ್ ದಿನ ಗುಡುಗುಡು ಅಂತು, ಊರ ಮಂದಿ ದಂಡಿ ಮ್ಯಾಲೆ ನಿಂತು ಫೋಟೋ ಹೊಡ್ಕೊಂಡ್ರು, ಎಷ್ಟ್ ವರ್ಷಕ್ಕ ನೀರು ಕಂಡ್ತಪಾ ಅಂತ ಹಿರ್ಯಾರು ಕೈ ಮುಗದ್ರು. ಗಣಪತಿ ಕಳಸೂ ಹೊತ್ತಿಗೆ ಹೋಗಿ ನೋಡ್ತೀವಿ, ನೀರಿನ ಸುಳಿವ ಇಲ್ಲ, ದಂಡಿಯಿಂದ ದಂಡಿಗೆ ಹಸರು ಹಾಸಿಗಿ, ಹುಡುಗ್ರು ಬಿದರ ಕೋಲಿಲೆ ಕಸ ಸರಿಸಿ ಬಾವಿ ಬಾಯಿಯಷ್ಟು ಜಾಗ ಮಾಡಿ ಗಣಪ್ಪನ್ನ ಇಳಿಸಿದ್ರು.

ಹಿಟಾಚಿಯಂವಾ ಕೆಲಸ ಕದ್ದಿದ್ದಿಲ್ಲ. ಅವನ ಬಕೆಟ್ ಮುಟ್ಟಲಾರದ ಮೂಲ್ಯಾಗ, ಜಾಲಿ ಕಂಟಿ ಬುಡಕ್ಕ, ಹತ್ತತ್ರ ಒಂದ್ ಗುಂಟೆಯಷ್ಟು ಉಳದಿತ್ತು ಅಷ್ಟ. ಈ ಕಸಕ್ಕ ಬಿಸಲು ಮತ್ತ ಗಟಾರದ ನೀರು ಎರಡೂ ಸಿಕ್ರ ಎರಡ್ ವಾರದಾಗ ದುಪ್ಪಟ್ಟ ಆಗ್ತೈತಿ. ಲೆಕ್ಕ ಹಾಕ್ರಿ: 1 ಗುಂಟೆ, 2, 4, 8, 16, 32, 64. ಆರು ಸಲ ದುಪ್ಪಟ್ಟಾಗಾಕ ಮೂರ್ ತಿಂಗಳು ಸಾಕು, 64 ಗುಂಟೆ ಅಂದ್ರ ಒಂದೂವರಿ ಎಕರೆ ದಾಟಿತು, ಗಣಪತಿ ತನಕ ನಾವು ಅದಕ್ಕ ಹೆಚ್ಚುಕಡಿಮಿ ಆರ್ ತಿಂಗಳು ಕೊಟ್ಟಿದ್ವಿ.

ಆವಾಗಿಂದ ಯಾರಾರ ನನ್ನ ಕೇಳಿದ್ರ, ಹಿಟಾಚಿ ಛಲೋನೋ ಕಸ ಕೊಲ್ಲೂ ಎಣ್ಣಿ ಹೊಡಸೂದು ಛಲೋನೋ ಅಂತ, ನಾ ತಿರಗಿ ಒಂದ ಮಾತು ಕೇಳ್ತೀನಿ: ಮೂರನೇ ತಿಂಗಳಿಗೆ ಯಾರು ಬರ್ತಾರ? ಮೊದಲನೇ ದಿನದ ಖರ್ಚು ಹೋಲಿಸಿ ನೋಡೂದು ಎಲ್ಲಾರಿಗೂ ಬರ್ತೈತಿ, ಮೂರನೇ ತಿಂಗಳದ್ದು ಯಾರೂ ಕೊಟೇಶನ್‌ದಾಗ ಬರಿಯಂಗಿಲ್ಲ.

ಮೊದ್ಲ ಯಾವ ಕಸ ಅಂತ ಹೇಳ್ರಿ

ನಮ್ಮ ಕಡೆ ನೀರಾಗ ತೇಲೂದಕ್ಕೆಲ್ಲಾ ಅಂತರಗಂಗೆ ಅಂತಾರ, ಪೇಪರ್‌ದಾಗೂ ಹಂಗ ಬರ್ತೈತಿ. ಖರೇ ಅಂತರಗಂಗೆ ಬ್ಯಾರೆ, ಅದು ಅರಳಿದ ಸಣ್ಣ ಕ್ಯಾಬೀಜ್ ಗತೆ ಇರ್ತೈತಿ, ಎಲಿಗೆ ದೇಟ ಇರಂಗಿಲ್ಲ, ಮುಟ್ಟಿದ್ರ ಮಕಮಲ್ಲು. ಹುಬ್ಬಳ್ಳಿಯ ಉಣಕಲ್ ಕೆರಿ, ಧಾರವಾಡದ ಕೆಲಗೇರಿ ಕೆರಿ ಕಡೆ ಹೋದವ್ರು ನೋಡಿ ಬೈಯೂದು ನೇರಳಿ ಹೂವಿನ ವಾಟರ್ ಹಯಸಿಂತ್‌ಗೆ. ದೇಟು ಬಲೂನ್ ಗತೆ ಉಬ್ಬಿರ್ತೈತಿ, ಕೊಯ್ದು ನೋಡಿದ್ರ ಒಳಗ ಸ್ಪಂಜು, ಹೂವಿನ ಮ್ಯಾಲಿನ ಎಸಳಿನ ನಡುವ ನವಿಲಗರಿ ಕಣ್ಣಿನಂಗ ಹಳದಿ ಮಚ್ಚಿ. ದಕ್ಷಿಣ ಅಮೆರಿಕಾದ ಅಮೆಜಾನ್ ಸೀಮಿದು ಇದು, ಹೂ ಚಂದ ಐತಿ ಅಂತ ತಂದು ಇಟ್ಕೊಂಡಿದ್ದು, ಮುಂದ ಬಂಗಾಳದ ಹೊಳಿ ಹಳ್ಳ ಎಲ್ಲಾ ಮುಚ್ಚಿ 'ಬಂಗಾಳದ ಪೀಡೆ' ಅನ್ನಿಸ್ಕೊಂಡ್ತು. ಚಂದ ಇರೂದು ಸುಳ್ಳಲ್ಲ, ಈಗೂ ಮಂದಿ ಅದರ ಮುಂದ ನಿಂತು ಸೆಲ್ಫಿ ತಗೋತಾರ.

ಮೂರನೇದು ಸಾಲ್ವೀನಿಯಾ. ಬೆರಳ ಉಗರಿನಷ್ಟು ಎಲಿ, ಒತ್ತಾದ್ರ ನಡು ಮಡಚಿಕೊಂಡು ನಿಲ್ತಾವ, ಕನ್ನಡಕ ತಗದು ಹತ್ರ ಹಿಡದ್ರ ಎಲಿ ಮ್ಯಾಲಿನ ಕೂದಲು ತತ್ತಿ ಕಡಿಯೋ ಬೀಟರ್ ಗತೆ ಕಾಣ್ತಾವ. ಇದಕ್ಕ ಬೀಜ ಇಲ್ಲ, ಬರೇ ತುಂಡಾಗಿ ತುಂಡಾಗಿ ಬೆಳೀತೈತಿ. ಹಯಸಿಂತ್ ಹಂಗಲ್ಲ, ಅದರ ಬೀಜ ರಾಡ್ಯಾಗ 20 ವರ್ಷದ ತನಕ ಜೀವಾ ಹಿಡಕೊಂಡು ಕುಂದ್ರತಾವ. ಈ ಒಂದ್ ಫರಕಿನಿಂದ ಮುಂದಿನ ಪ್ಲ್ಯಾನ ಪೂರಾ ಬದಲಾಗ್ತೈತಿ.

ಎಲ್ಲಾಕ್ಕಿಂತ ಮೋಸ ಮಾಡೂದು ಅಲಿಗೇಟರ್ ವೀಡ್. ನೋಡಾಕ ಥೇಟ್ ಹೊನಗೊನ್ನಿ ಸೊಪ್ಪು, ಅದ ಜಾತಿದ ಗಿಡಾನ. ದಂಡ್ಯಾಗ ಬೇರು ಬಿಟ್ಟು ನೀರಿನ ಕಡೆ ಹಾಸ್ಕೋತ ಹೋಗ್ತೈತಿ. ಗುರುತು ಹಿಡಿಯೂದು ಹೂವಿನ್ಯಾಗ: ಹೊನಗೊನ್ನಿಗೆ ಬಿಳಿ ಹೂ ಎಲಿ ಸಂದ್ಯಾಗ ಅಂಟಿಕೊಂಡಿರ್ತೈತಿ, ಅಲಿಗೇಟರ್‌ದಾಗ ಹೂವಿಗೆ ಉದ್ದ ದೇಟಿರ್ತೈತಿ, ಬಟನ್‌ನ್ನ ಕಡ್ಡಿಗೆ ಚುಚ್ಚಿ ನಿಲ್ಲಿಸಿದಂಗ, ಮತ್ತ ದಂಟು ಮುರದ್ರ ಒಳಗ ಪೊಳ್ಳು. ನಮ್ಮ ಕೆರಿ ಮೋರಿ ಹತ್ರ ಒಬ್ಬಾಕಿ ಅಕ್ಕಾರು ಹೊನಗೊನ್ನಿ ಅಂತ ಇದನ್ನ ಹರಕೊಂಡು ಹೊಂಟಿದ್ರು, ನಾ ದಂಟು ಮುರದು ತೋರಿಸಿದೆ, 'ಹೌದಲ್ಲೋ ತಮ್ಮಾ, ಇದು ಕೊಳಲಿದ್ದಂಗ ಐತಿ' ಅಂದು ಉಡ್ಯಾಗಿಂದ ಝಾಡಿಸಿ ಅಲ್ಲೇ ನೀರಿಗೆ ಚೆಲ್ಲಿಬಿಟ್ರು. ನಾ ತಲಿ ಮ್ಯಾಲೆ ಕೈ ಇಟ್ಕೊಂಡೆ. ಇದರ ಒಂದ್ ಗೆಣ್ಣು ನೀರಿಗೆ ಬಿದ್ರ ಅದ ಹೊಸಾ ಗಿಡ.

ಇನ್ನ ಆಪು ಅಂದ್ರ ಜೊಂಡು, ಕಂದು ಬಣ್ಣದ ಮೇಣಬತ್ತಿಯಂಗ ತೆನಿ ಇರೂದು. ಅದು ಪರದೇಶಿ ಅಲ್ಲ, ನಮ್ಮದ. ಗಟಾರ ನೀರು ಕುಡದು ಸೊಕ್ಕಿರ್ತೈತಿ ಅಷ್ಟ. ಅದರಾಗ ಹಕ್ಕಿ ಗೂಡು ಕಟ್ತಾವ, ಅದನ್ನ ಪೂರ್ತಿ ನಿರ್ನಾಮ ಮಾಡ್ತೀನಿ ಅನ್ನೂದು ತಪ್ಪು, ದಾರಿ ಬಿಡಿಸೂದು ಸಾಕು. ತಾವರಿ, ನೈದಿಲಿ ಇದ್ರ ಮುಟ್ಟಲೇ ಬ್ಯಾಡ್ರಿ, ಒಂದ್ ಕಡೆ ಗುತ್ತೇದಾರ ಅವನ್ನೂ ಟ್ರಾಲಿಗೆ ತುಂಬಿದ್ದು ನಾನ ನೋಡೀನಿ. ದಂಡಿ ಮ್ಯಾಲೆ ತುತ್ತೂರಿಯಂಥ ಗುಲಾಬಿ ಹೂ ಬಿಡೂ ಬೇಶರಮ್ ಇದ್ರ ಬೇರು ಸಮೇತ ಕೀಳ್ರಿ, ಬರೇ ಕಡದು ಒಗದ್ರ ಹೆಸರಿಗೆ ತಕ್ಕಂಗ ಮತ್ತ ಚಿಗೀತೈತಿ, ಆಡಿನ ಬಾಯಿಗೂ ಹಾಕಬ್ಯಾಡ್ರಿ, ವಿಷ.

ಗುರುತು ಸಿಗಲಿಲ್ಲಂದ್ರ ಹೂವಿದ್ದ ಟೊಂಗಿ ತಗೊಂಡು ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗ್ರಿ, ಧಾರವಾಡದವ್ರಿಗೆ ಸೈದಾಪುರ, ಗದಗದವ್ರಿಗೆ ಹುಲಕೋಟಿ, ಹಾವೇರಿಯವ್ರಿಗೆ ಹನುಮನಮಟ್ಟಿ.

ಕಣ್ಣಿಡೂದು ಹೆಂಗ

ಇಲ್ಲಿ ನಾಕು ದಾರಿ ಅದಾವ: ಮೊಬೈಲ್ ಫೋಟೋ, ಹಗ್ಗ ಮತ್ತ ಚೌಕಟ್ಟು, ಸೆಟಲೈಟ್, ಡ್ರೋನ್. ನನ್ನ ಓಟು ಮೊದಲಿನ ಎರಡಕ್ಕ.

ಫೋಟೋ ಅಂದ್ರ ಸುಮ್ನ ಹೊಡಿಯೂದಲ್ಲ. ದಂಡಿ ಮ್ಯಾಲೆ ಮೂರ್ ಕಡೆ ಕಲ್ಲಿಗೆ ಬಣ್ಣ ಹಚ್ಚಿ, ಪ್ರತಿ 15 ದಿನಕ್ಕ ಅದ ಕಲ್ಲ ಮ್ಯಾಲೆ ನಿಂತು, ಅದ ಗುಡಿ ಕಳಸ ಫೋಟೋದ ಬಲಕ್ಕ ಬರೂಹಂಗ ಹೊಡೀಬೇಕು. ನಾಕು ಫೋಟೋ ಸಾಲಾಗಿ ಇಟ್ಟು ಪಂಚಾಯ್ತಿ ಮೀಟಿಂಗ್‌ದಾಗ ತೋರ್ಸಿದ್ರ ಮಾತಾಡೂದ ಬೇಕಾಗಂಗಿಲ್ಲ. ಚೌಕಟ್ಟು ಅಂದ್ರ ಪಿವಿಸಿ ಪೈಪಿಂದ ಒಂದ್ ಮೀಟರ್ ಉದ್ದ ಒಂದ್ ಮೀಟರ್ ಅಗಲ, ಕಸದ ಮ್ಯಾಲೆ ಒಗದು ಒಳಗಿನ ಗಿಡಾ ಎಲ್ಲಾ ಎತ್ತಿ ತೂಕ ಹಾಕೂದು. ನಾವು ಕಾಳಿನ ಅಂಗಡಿ ತಕ್ಕಡಿ ತಂದು ತೂಗಿದ್ವಿ, ನೀರು ಬಸದ ಮ್ಯಾಲೂ ಚೌಕಕ್ಕ 25 ಕಿಲೋ ಬಂತು. ಒಂದ್ ಗುಂಟೆಗೆ ಎರಡೂವರಿ ಟನ್, ಎಕರೆಗೆ ನೂರು ಟನ್! ಈ ಒಂದ್ ತೂಕ ಗೊತ್ತಿದ್ರ ಗುತ್ತೇದಾರ ಹೇಳೂ ಟ್ರಾಲಿ ಲೆಕ್ಕ ಖರೇನೋ ಸುಳ್ಳೋ ಅಂತ ನಿಂತಲ್ಲೇ ಹೇಳಬಹುದು.

ಸೆಟಲೈಟ್ ಫ್ರೀ ಐತಿ, ಯುರೋಪಿನವ್ರ ಸೆಂಟಿನೆಲ್-2 ಐದೈದು ದಿನಕ್ಕ ಒಂದ್ ಚಿತ್ರ ಕೊಡ್ತೈತಿ, ಹಳೇ ವರ್ಷದ್ದೂ ಸಿಗ್ತಾವ, ಕಸ ಯಾವ ವರ್ಷ ಯಾವ ಮೂಲಿಯಿಂದ ಹಬ್ಬಿತು ಅಂತ ನೋಡಾಕ ಭಾಳ ಛಲೋ. ಆದ್ರ ಅದರ ಒಂದ್ ಚುಕ್ಕಿ 10 ಮೀಟರ್‌ಗೆ 10 ಮೀಟರ್, ಅಂದ್ರ ಬರೋಬ್ಬರಿ ಒಂದ್ ಗುಂಟೆ. ನಮ್ಮ ಜಾಲಿ ಬುಡಕ್ಕ ಉಳದಿದ್ದು ಎಷ್ಟು? ಅದೂ ಒಂದ್ ಗುಂಟೆ. ಮ್ಯಾಲಿಂದ ನೋಡಿದ್ರ ಒಂದ್ ಹಸರು ಚುಕ್ಕಿ, ಅದೂ ಜಾಲಿ ಕಂಟಿದೋ ಕಸದ್ದೋ ಹೇಳಾಕ ಬರಂಗಿಲ್ಲ, ಮತ್ತ ಮಿರಗದಿಂದ ಗಣಪತಿ ತನಕ ಮಾಡ ಮುಚ್ಚಿರ್ತೈತಿ, ಕಸ ಜೋರ್ ಬೆಳಿಯೂದೂ ಆವಾಗ. ಜಿಲ್ಲಾದ ಎಲ್ಲಾ ಕೆರಿ ಒಮ್ಮೆ ನೋಡಬೇಕು ಅನ್ನೂ ಆಫೀಸಿನವ್ರಿಗೆ ಸೆಟಲೈಟ್, ಒಂದ್ ಕೆರಿ ಕಾಯೋವ್ರಿಗೆ ಕಲ್ಲು ಮತ್ತ ಮೊಬೈಲ್. ಡ್ರೋನ್ ಚಂದ ತೋರಸ್ತೈತಿ, ಆದ್ರ ಹುಬ್ಬಳ್ಳಿ ಸುತ್ತ ಏರ್‌ಪೋರ್ಟ್ ಇರೂದರಿಂದ ಸರ್ಕಾರದ ಡಿಜಿಟಲ್ ಸ್ಕೈ ಅನ್ನೂ ಡ್ರೋನ್ ನಕ್ಷೆದಾಗ ನಿಮ್ಮ ಕೆರಿ ಯಾವ ಬಣ್ಣದ ಝೋನ್‌ದಾಗ ಬರ್ತೈತಿ ನೋಡದ ಹಾರಿಸಬ್ಯಾಡ್ರಿ, ಮದವಿ ಫೋಟೋ ಹುಡುಗನ ಕರ್ಕೊಂಡ್ ಬಂದು ಹಾರಿಸಿ ಆಮ್ಯಾಲೆ ಠಾಣೆಕ್ಕ ಅಡ್ಡಾಡೂದು ಬ್ಯಾಡ.

ಈಗ ತಗಿಯೂ ವಿಚಾರ

ಕೈಲೆ ತಗಿಯೂದು ನಿಧಾನ, ಆದ್ರ ಮೂರನೇ ತಿಂಗಳಿಗೆ ಮತ್ತ ಬರಾಕ ಆಗೂದು ಇದೊಂದಕ್ಕ. ನಾವು 11 ಮಂದಿ ಒಂದ್ ಐತವಾರ ಬೆಳಿಗ್ಗೆ 7ರಿಂದ 12ರ ತನಕ ಒದ್ದಾಡಿ ಒಂದೂವರಿ ಗುಂಟೆ ತಗದ್ವಿ. ದೊಡ್ಡ ಕೆರಿಗೆ ಇದು ಜೋಕು ಅನಿಸ್ತೈತಿ ಖರೆ, ಆದ್ರ ಮಶಿನ್ ಹೋದ ಮ್ಯಾಲೆ ಮೂಲ್ಯಾಗ ಉಳದದ್ದು ತಗಿಯಾಕ, ಮಳಿ ಬಿದ್ದಾಗ ರಾಡ್ಯಾಗ ಎದ್ದ ಸಣ್ಣ ಸಸಿ ಆರಿಸಾಕ ಇದಕ್ಕ ಸರಿಸಾಟಿ ಇಲ್ಲ. ತೆಪ್ಪ ಇದ್ದವ್ರ ಇಬ್ರು ಬೇಕು, ಹಗ್ಗ ಸುತ್ತಿ ಹಾಸಿಗಿ ಗತೆ ದಂಡಿಗೆ ಎಳಕೊಂಡ್ ಬಂದ್ರ ಅರ್ಧ ಶ್ರಮ ಉಳೀತೈತಿ. ಗಮ್‌ಬೂಟು, ಕೈಗವಸು ಇಲ್ಲದ ಇಳೀಬ್ಯಾಡ್ರಿ, ಗಟಾರ ನೀರಾಗ ಇಲಿ ಜ್ವರದ ಹೆದರಿಕಿ ಐತಿ, ಹಾವು ಅದಾವ, ಕೆಳಗ ಬಾಟ್ಲಿ ಚೂರು, ಹಳೇ ಗಣಪತಿ ಕಬ್ಬಿಣದ ಸಳಿ, ನನ್ನ ಹಿಮ್ಮಡಿಗೆ ಮೂರ್ ಹೊಲಿಗಿ ಬಿದ್ದಾವ.

ಹಿಟಾಚಿ ದಂಡಿಯಿಂದ ಕೈ ಚಾಚಿದಷ್ಟ ತಗೀತೈತಿ. ನಮ್ಮದು ಎರಿ ಭೂಮಿ, ಹಸಿ ಇದ್ದಾಗ ದಂಡಿಗೆ ಇಳಿಸಿದ್ರ ಮಶಿನ್ನ ಹುಗೀತೈತಿ, ಅದನ್ನ ಎತ್ತಾಕ ಇನ್ನೊಂದು ಮಶಿನ್. ನೀರಾಗ ತೇಲಿ ಕಸ ಬಾಚೂ ಹಾರ್ವೆಸ್ಟರ್ ಬೋಟ್‌ಗೆ ಆಳ ಬೇಕು, ಇಳಸಾಕ ರ್‍ಯಾಂಪ್ ಬೇಕು, ಉಣಕಲ್‌ನಂಥ ವರ್ಷಪೂರ್ತಿ ನೀರಿರೂ ದೊಡ್ಡ ಕೆರಿಗೆ ಅದು ಸೈ, ಹಳ್ಳಿ ಕೆರಿಗೆ ಅಲ್ಲ. ಮಶಿನ್ ಬಾಡಿಗಿ ಕೇಳಿ ಹೌಹಾರ್ತೀರಿ, ಆದ್ರ ಜೇಬು ಹರಿಯೂದು ಅಲ್ಲಿ ಅಲ್ಲ. ಎಕರೆಗೆ ನೂರು ಟನ್ ಅಂದ್ವಿ, ಕಸ ಉಬ್ಬಿರೂದರಿಂದ ಒಂದ್ ಟ್ರಾಲಿಗೆ ಎರಡ್ ಟನ್ ಹಿಡದ್ರ ಭಾಳಾತು, ಅಂದ್ರ ಎಕರೆಗೆ 50 ಟ್ರಿಪ್. ದಂಡ್ಯಾಗ ಮೂರ್ನಾಕು ದಿನ ಬಸ್ಯಾಕ ಬಿಟ್ರ ಟ್ರಿಪ್ ಭಾಳ ಕಡಿಮಿ ಆಗ್ತಾವ, ನೂರಕ್ಕ ತೊಂಬತ್ತಕ್ಕಿಂತ ಹೆಚ್ಚು ಅದರಾಗ ನೀರ ಇರೂದು. ಆದ್ರ ಇಳಿಜಾರಿನ್ಯಾಗ ಗುಂಪಿ ಹಾಕಬ್ಯಾಡ್ರಿ, ಒಂದ್ ದೊಡ್ಡ ಮಳಿಗೆ ಎಲ್ಲಾ ತಿರಗಿ ಕೆರಿಗೆ.

ಅಲಿಗೇಟರ್ ವೀಡ್ ಇದ್ದಲ್ಲಿ ಮಾತ್ರ ಮಶಿನ್ ಹತ್ರಾನೂ ಬಿಡಬ್ಯಾಡ್ರಿ. ಒಂದ್ ಬಕೆಟ್ ಎತ್ತಿದ್ರ ಸಾವಿರ ತುಂಡು ಚೆಲ್ತೈತಿ. ಅದನ್ನ ಸುತ್ತ ಜಾಳಗಿ ಕಟ್ಟಿ, ಕೈಲೆ, ಬೇರು ಸಮೇತ, ಗೊಬ್ಬರದ ಚೀಲಕ್ಕ ತುಂಬಿ ಬಾಯಿ ಕಟ್ಟಿ ಬಿಸಲಿಗಿ ಇಡಬೇಕು. ಆಪಿಗೆ ಒಂದ್ ಹಳೇ ಹಿಕಮತ್ತು ಐತಿ: ಕುಡಗೋಲಲೆ ನೀರಿನ ಮಟ್ಟಕ್ಕಿಂತ ಕೆಳಗ ಕೊಯ್ಯೂದು. ಗಡ್ಡಿಗೆ ಗಾಳಿ ಹೋಗೂದು ದಂಟಿನ ಕೊಳವಿಯಿಂದ, ಅದು ನೀರಾಗ ಮುಳುಗಿತು ಅಂದ್ರ ಕೆಳಗಿನ ಗಡ್ಡಿ ಉಸಿರುಗಟ್ಟಿ ಕೊಳೀತೈತಿ. ನೀರಿನ ಮ್ಯಾಲೆ ಕೊಯ್ದ್ರ ಮುಂದಿನ ತಿಂಗಳು ಡಬಲ್. ಹಕ್ಕಿ ಗೂಡು ಮುಗದ ಮ್ಯಾಲೆ, ದೀಪಾವಳಿ ನಂತರ, ನೀರಿನ್ನೂ ತುಂಬಿದಾಗ ಮಾಡೂದು ಛಲೋ.

ಎಣ್ಣಿ ಹೊಡಸೂದು ಎಲ್ಲಾಕ್ಕಿಂತ ಸಸ್ತಾ ಕಾಣ್ತೈತಿ, ಅದಕ್ಕ ಎಲ್ಲಾರ ಕಣ್ಣು ಅದರ ಮ್ಯಾಲೆ. ನಾ ಬ್ಯಾಡ ಅಂತೀನಿ. ಕಸ ಸಾಯ್ತೈತಿ, ಹೌದು, ಆದ್ರ ಸತ್ತದ್ದು ಎಲ್ಲಿ ಹೋಗ್ತೈತಿ? ತಳಕ್ಕ. ನೂರು ಟನ್ ಹಸರು ನೀರಾಗ ಕೊಳಿಯಾಕ ಹತ್ತಿತಂದ್ರ ನೀರಿನ್ಯಾಗಿನ ಆಮ್ಲಜನಕ ಎಲ್ಲಾ ಕುಡೀತೈತಿ. ನಮ್ಮ ಪಕ್ಕದ ಊರಾಗ ಹೊಡಸಿದ್ರು, ಹತ್ತನೇ ದಿನಕ್ಕ ಮೀನು ಹೊಟ್ಟಿ ಮ್ಯಾಲೆ ಮಾಡಿ ತೇಲಿದ್ವು, ಮೀನಿನ ಗುತ್ತಿಗಿ ಹಿಡದ ಕಾಕಾ ಅಂದ್ರು, 'ತಮ್ಮಾ, ಕಸ ಇದ್ದಾಗ ಬಲಿ ಬೀಸಾಕ ಜಾಗ ಇದ್ದಿಲ್ಲ, ಈಗ ಜಾಗ ಐತಿ, ಮೀನ ಇಲ್ಲ.' ಮ್ಯಾಲೆ ಆ ಗೊಬ್ಬರ ತಿಂದು ಬೀಜದಿಂದ ಹೊಸಾ ಕಸ ಎದ್ದತಿ. ಗ್ಲೈಫೋಸೇಟ್ ಅನ್ನೂ ಕಸನಾಶಕದ ಡಬ್ಬಿ ತಂದು ನೀವ ಹೊಡಿಯೂದು ಕಾನೂನಿಗೂ ಹೊಂದಂಗಿಲ್ಲ, 2022ರ ಅಕ್ಟೋಬರ್‌ದಾಗ ಕೇಂದ್ರ ಸರ್ಕಾರ ಅದನ್ನ ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವ್ರ ಕೈಲೆ ಬಿಟ್ರ ಬಳಸಬಾರದು ಅಂತ ಆದೇಶ ಮಾಡೇತಿ. ದನ ನೀರು ಕುಡಿಯೂ ಕೆರಿ, ಜನ ಬಟ್ಟಿ ಒಗಿಯೂ ಕೆರಿ ಅಂದ್ರಂತೂ ಮಾತ ಮುಗೀತು.

ಹುಳದ ಕಥಿ ನನಗ ಭಾಳ ಇಷ್ಟ. ಹಯಸಿಂತ್‌ನ್ನ ಅಷ್ಟ ತಿನ್ನೂ ನಿಯೋಕೆಟಿನಾ ಅನ್ನೂ ಎರಡ್ ಜಾತಿ ಸೊಂಡಿಲ ಹುಳ 1980ರ ದಶಕದ ಆರಂಭದಾಗ ಹೊರದೇಶದಿಂದ ಬೆಂಗಳೂರಿಗೆ ತಂದು ಅಲ್ಲಿನ ಕೆರಿಗಳಾಗ ಬಿಟ್ರು, ಕೆಲವು ಕೆರಿ ಮೂರ್ನಾಕು ವರ್ಷದಾಗ ಖುಲ್ಲಾ ಆದ್ವು. ಸಾಲ್ವೀನಿಯಾ ತಿನ್ನೂ ಹುಳ 1982ರಾಗ ಆಸ್ಟ್ರೇಲಿಯಾದಿಂದ ಬಂತು, ಬೆಂಗಳೂರಿನ ಒಂದ್ ನೈದಿಲಿ ಹೊಂಡದಾಗ ಒಂದ್ ವರ್ಷದೊಳಗ ಕೆಲಸ ಮುಗಸ್ತು, ಆಮ್ಯಾಲೆ ಕೇರಳದ ಗದ್ದಿ ಕಾಲುವಿಗಳಾಗ ಅಂತೂ ದೊಡ್ಡ ಗೆಲುವು. ಸಾಲ್ವೀನಿಯಾ ಇದ್ರ ನಾ ಎರಡನೇ ಮಾತಿಲ್ಲದ ಹುಳ ಅಂತೀನಿ. ಹಯಸಿಂತ್‌ಗೆ ಯೋಚನಿ ಮಾಡಬೇಕು, ಯಾಕಂದ್ರ ಹುಳಕ್ಕ ವರ್ಷಪೂರ್ತಿ ಹಸರು ಬೇಕು, ಅದರ ಕೋಶ ಇರೂದು ನೀರಾಗಿನ ಬೇರಿನ್ಯಾಗ, ನಮ್ಮ ಕೆರಿ ಏಪ್ರಿಲ್-ಮೇದಾಗ ಬತ್ತಿ ಬಿರಕ ಬಿಟ್ರ ಹುಳದ ಸಂತಾನಾನೂ ಅಲ್ಲೇ ಮುಗೀತೈತಿ. ಗಟಾರ ಜೋರ್ ಬರೂ ಕೆರ್‍ಯಾಗ ಹುಳ ತಿನ್ನೂದಕ್ಕಿಂತ ಗಿಡ ಬೆಳಿಯೂದ ಜೋರು. ಮತ್ತ ಹುಳ ಬಿಟ್ಟ ಮ್ಯಾಲೆ ಪೂರ್ತಿ ಕಸ ತಗದ್ರ ಹುಳಾನೂ ಟ್ರಾಲಿ ಹತ್ತಿ ಹೋಗ್ತಾವ, ಒಂದ್ ಪಟ್ಟಿ ಬಿಡಬೇಕು. ಎಲಿ ಮ್ಯಾಲೆ ಜ್ವಾಳದ ಕಾಳಿನಷ್ಟು ಕೆರದ ಕಂದು ಕಲಿ ಕಾಣಸಿದ್ರ ನಿಮ್ಮಲ್ಲಿ ಈಗಾಗಲೇ ಹುಳ ಅದಾವ ಅಂತ ತಿಳಿರಿ, ಅದನ್ನ ನೋಡದ ಯಾರೂ ದುಡ್ಡು ಖರ್ಚು ಮಾಡಬ್ಯಾಡ್ರಿ. ತರಸೂದಿದ್ರ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವ್ರನ್ನ ಕೇಳ್ರಿ.

ಗ್ರಾಸ್ ಕಾರ್ಪ್ ಮೀನು ಬಿಡ್ರಿ, ಎಲ್ಲಾ ತಿಂತೈತಿ ಅಂತ ವಾಟ್ಸಾಪ್‌ದಾಗ ಓಡಾಡ್ತೈತಿ. ಅದು ತಿನ್ನೂದು ನೀರೊಳಗಿನ ಮೆತ್ತನ ಹುಲ್ಲು, ಹಯಸಿಂತ್ ಕಡೆ ಹೊಳ್ಳಿ ನೋಡಂಗಿಲ್ಲ.

ಹಂಗಾರ ಯಾವ ಕೆರಿಗೆ ಯಾವ್ದು

ಬ್ಯಾಸಿಗಿಗೆ ಬತ್ತೂ ಹಳ್ಳಿ ಕೆರಿ, ನಮ್ಮ ಮೂರೂ ಜಿಲ್ಲಾದಾಗ ಇವ ಜಾಸ್ತಿ. ಇಲ್ಲಿ ಬಿಸಲ ನಿಮ್ಮ ಆಳು. ಹೋಳಿಯಿಂದ ಮಿರಗದ ತನಕ ನೀರು ಕುಗ್ಗಿ ಕಸ ನಡುವ ಒತ್ತಾಗಿ ಕುಂತಿರ್ತೈತಿ, ದಂಡಿಗೆ ಒಣಗಿದ್ದು ಎತ್ತಿ ಒಗೀರಿ, ನಡುವಿಂದು ಮಶಿನ್ ಗಟ್ಟಿ ನೆಲದ ಮ್ಯಾಲೆ ನಿಂತು ತಗೀಲಿ. ಖರೇ ಕೆಲಸ ಆಮ್ಯಾಲೆ ಐತಿ, ಮೊದಲನೇ ದೊಡ್ಡ ಮಳಿ ಆಗಿ ಮೂರು ವಾರಕ್ಕ ಬೀಜದಿಂದ ಎದ್ದ ಸಸಿ ಬೆರಳುದ್ದ ಇದ್ದಾಗ ಆರಿಸೂದು, ಶೀಗಿ ಹುಣ್ಣಿಮಿ ತನಕ ತಿಂಗಳಿಗೆರಡ್ ಸಲ. ರೊಕ್ಕ ಹತ್ತು ಇದ್ರ ಆರು ಇದಕ್ಕ ತಗದಿಡ್ರಿ.

ಗಟಾರ ಬರೂ ಊರ ಕೆರಿ ಅಂದ್ರ ಕಸಕ್ಕಿಂತ ಮೊದ್ಲ ಗಟಾರ. ಅದು ನಿಂದ್ರೂ ತನಕ ನೀವು ತಗಿಯೂದು ಕ್ಷೌರ ಮಾಡಿಸಿದಂಗ, ಮತ್ತ ಬೆಳಿಯೂದ. ಆದ್ರೂ ಕೈ ಕಟ್ಟಿ ಕುಂದ್ರಬ್ಯಾಡ್ರಿ, ನೀರು ಬರೂ ಬಾಯಿಗೆ ಹಗ್ಗಕ್ಕ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ಅಡ್ಡ ಹಾಕ್ರಿ, ಹಳ್ಳದಿಂದ ತೇಲಿ ಬರೂ ಕಸ ಅಲ್ಲೇ ನಿಲ್ತೈತಿ, ವಾರಕ್ಕೊಮ್ಮೆ ಎತ್ತಿದ್ರಾತು.

ಹಕ್ಕಿ ಬರೂ ಕೆರಿ ಬ್ಯಾರೆ ಮಾತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ 2024ರ ಜನವರಿಯಾಗ, ಜಗತ್ತಿನ ಮಹತ್ವದ ಕೆರಿ-ಜೌಗು ಜಾಗಗಳಿಗೆ ಕೊಡೂ ರಾಮ್‌ಸರ್ ಮಾನ್ಯತೆ ಸಿಕ್ಕೇತಿ, ಹಿಮಾಲಯ ದಾಟಿ ಬರೂ ಪಟ್ಟೆ ತಲಿ ಹೆಬ್ಬಾತುಗಳು ಚಳಿಗಾಲ ಕಳಿಯೂದು ಅಲ್ಲಿ. ಅಂಥಾ ಹಕ್ಕಿಗೆ ಬಯಲು ನೀರು ಬೇಕು, ಮ್ಯಾಲೆ ಹಾಸಿಗಿ ಆದ್ರ ಇಳಿಯಾಕ ಜಾಗ ಎಲ್ಲಿ? ಅಂಥಾ ಕಡೆ ಎಣ್ಣಿ ಹೆಸರೂ ಎತ್ತಬ್ಯಾಡ್ರಿ, ನವೆಂಬರ್‌ನಿಂದ ಮಾರ್ಚ್ ತನಕ ಮಶಿನ್ ಸಪ್ಪಳಾನೂ ಬ್ಯಾಡ, ಅರಣ್ಯ ಇಲಾಖೆಯವ್ರನ್ನ ಕೇಳಿ ಬ್ಯಾಸಿಗ್ಯಾಗ ಮಾಡ್ರಿ.

ತಗದ ಕಸ ತಿಪ್ಪಿಗೆ ಹಾಕಬಹುದು, ಸಗಣಿ ಕಲಸಿ ಮುಚ್ಚಿದ್ರ ಛಲೋ ಗೊಬ್ಬರ ಆಗ್ತೈತಿ, ಬೀಜ ಬಿಡೂಕಿಂತ ಮೊದ್ಲ ತಗದಿದ್ರ ಇನ್ನೂ ಛಲೋ. ಆದ್ರ ಈ ಗಿಡ ನೀರಾಗಿನ ಸೀಸ, ಕ್ಯಾಡ್ಮಿಯಂ ಅಂಥಾವನ್ನೂ ಹೀರಿಕೊಳ್ತೈತಿ, ಕಾರ್ಖಾನಿ ನೀರು ಸೇರೂ ಕೆರಿದಾದ್ರ ಪಾಲಕ, ಮೆಂತ್ಯ ಬೆಳಿಯೂ ಮಡಿಗೆ ಹಾಕಬ್ಯಾಡ್ರಿ, ದಂಡಿ ಗಿಡಕ್ಕ ಹಾಕ್ರಿ.

ನಾವು ಈ ವರ್ಷ ಹಿಟಾಚಿ ಒಂದ ದಿನಕ್ಕ ಕರ್ಸೇವಿ, ಉಳದ ರೊಕ್ಕದಾಗ ಇಬ್ರು ತೆಪ್ಪದವ್ರಿಗೆ ಜುಲೈಯಿಂದ ಅಕ್ಟೋಬರ್ ತನಕ 15 ದಿನಕ್ಕೊಮ್ಮೆ ಪಗಾರ ಅಂತ ಬರದೇವಿ. ಜಾಲಿ ಕಂಟಿ ಮೊದ್ಲ ಕಡದೇವಿ. ಮೋರಿ ಹತ್ರ ಆ ಅಕ್ಕಾರು ಚೆಲ್ಲಿದ ಜಾಗಕ್ಕ ಒಂದ್ ಕೆಂಪು ಬಟ್ಟಿ ಕಟ್ಟೇನಿ, ಹೋದ ವಾರ ನೋಡಿದಾಗ ಎರಡ್ ಎಳಿ ಚಿಗತಿದ್ವು, ಪೊಳ್ಳು ದಂಟು, ಅನುಮಾನ ಇಲ್ಲ. ಬರೂ ಐತವಾರ ಬೆಳಿಗ್ಗೆ ಏಳಕ್ಕ ಅಲ್ಲಿಂದ ಚಾಲೂ ಮಾಡ್ತೀವಿ, ಬರೋವ್ರು ಒಂದೊಂದ್ ಖಾಲಿ ಗೊಬ್ಬರದ ಚೀಲ ತರ್ರಿ.